ತಾಲೀಮಿನ ಬಾಗಿಲು ತೆರೆದ ದಿನ

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ನಾನು ನರ್ಸಾಗಿ ಮೊದಲ ನೌಕರಿಗೆ ಸೇರಿದೆ. ಚಿಕ್ಕೋಡಿ ತಾಲ್ಲೂಕಿನಲ್ಲಿ ದೂಧಗಂಗಾ ನದಿಯ ದಂಡೆಗಿದ್ದ ಒಂದು ಊರು, ಅಲ್ಲಿ ಎರಡು ಕೋಣೆಯ ಆರೋಗ್ಯ ಉಪಕೇಂದ್ರ. ಮುಂದಿನ ಕೋಣೆ ರೋಗಿಗಳಿಗೆ, ಹಿಂದಿನದು ನನಗೆ. ಏಕಸಂಬಿಯವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಕಬ್ಬು ಇಳಿಸಿ ಮರಳುತ್ತಿದ್ದ ಟ್ರ್ಯಾಕ್ಟರಿನ ಖಾಲಿ ಟ್ರೇಲರಿನಲ್ಲಿ ಟ್ರಂಕಿನ ಮೇಲೆ ಕುಳಿತು ಊರು ಸೇರಿದ್ದೆ. ನಾನು ತೆಲಸಂಗದವಳು. ಜೋಳದ ಹೊಲ, ಒಣ ಗಾಳಿ, ಬಾವಿಯ ತಳದಲ್ಲಿ ಬೊಗಸೆ ನೀರು, ಇವುಗಳ ನಡುವೆ ಬೆಳೆದವಳಿಗೆ ಆ ಹೊಳೆ ಹೊಸತು. ಇಷ್ಟೊಂದು ನೀರು ಯಾರಿಗೂ ಬೇಡವಾದ ಹಾಗೆ ಸುಮ್ಮನೆ ಹರಿದು ಹೋಗುತ್ತದಲ್ಲ ಎಂದು ಎಷ್ಟೋ ಹೊತ್ತು ದಂಡೆಯ ಮೇಲೆ ನಿಂತಿದ್ದೆ.

ಮರುದಿನ ನಸುಕಿನಲ್ಲಿ ಧಡ್ ಧಡ್ ಎಂಬ ಸದ್ದಿಗೆ ಎಚ್ಚರವಾಯಿತು. ಯಾರೋ ಹೊಡೆದಾಡುತ್ತಿದ್ದಾರೆಂದು ಗಾಬರಿಯಾಗಿ ಕಿಟಕಿ ತೆರೆದೆ. ಪಕ್ಕದಲ್ಲೇ ಆಳೆತ್ತರದ ಕಟ್ಟೆಯ ಮೇಲೆ ಕಲ್ಲಿನ ಗೋಡೆಯ, ಹಂಚಿನ ಮಾಡಿನ ಉದ್ದನೆಯ ಮನೆಯಿತ್ತು. ತೆರೆದ ಬಾಗಿಲಿನೊಳಗೆ ಕೆಂಪು ಮಣ್ಣು ಮೆತ್ತಿದ ಮೈಗಳು ಒಂದನ್ನೊಂದು ಎತ್ತಿ ಹಾಕುತ್ತಿದ್ದವು. ಅದು ಊರಿನ ತಾಲೀಮು, ಪೈಲವಾನರು ಕುಸ್ತಿ ಕಲಿಯುವ ಜಾಗ. ಎದುರುಮನೆಯ ಅಜ್ಜಿ ಅಂಗಳ ಸಾರಿಸುತ್ತಿದ್ದವಳು ನನ್ನನ್ನು ನೋಡಿ ಹತ್ತಿರ ಬಂದು, ಕಿಟಕಿ ಮುಚ್ಚಿಕೊಳ್ಳಲು ಮೆಲ್ಲಗೆ ಹೇಳಿದಳು. ಈ ಊರಿನ ಹೆಂಗಸರು ತಾಲೀಮಿನ ಒಳಗೆ ಹೋಗುವುದಿರಲಿ, ಅದರ ಮುಂದಿನ ಹಾದಿಯಲ್ಲಿ ನಡೆಯುವುದೂ ಇಲ್ಲವಂತೆ. ಹೊಳೆಗೆ ಹೋಗಬೇಕಾದರೆ ಹಿಂದಿನ ಓಣಿ ಸುತ್ತಿ ಹೋಗುತ್ತಾರಂತೆ. ಅವಳ ಅತ್ತೆಯೂ ಹಾಗೆಯೇ ಹೋಗುತ್ತಿದ್ದಳಂತೆ.

ನನಗೆ ಸಿಟ್ಟು ಬಂತು. ಆದರೆ ಹೊಸಬಳು. ನಾನೂ ಓಣಿ ಸುತ್ತಿಯೇ ನಡೆದೆ.

ತಾಲೀಮನ್ನು ನಡೆಸುತ್ತಿದ್ದ ಹಿರಿಯರನ್ನು ಎಲ್ಲರೂ ವಸ್ತಾದ ಎನ್ನುತ್ತಿದ್ದರು. ಕುಸ್ತಿ ಕಲಿಸುವ ಗುರುವನ್ನು ಈ ಕಡೆಯಲ್ಲಿ ಹಾಗೆಯೇ ಕರೆಯುವುದು. ಜೈನ ಒಕ್ಕಲು ಮನೆತನದವರು. ಬಿಳಿ ಧೋತರ, ಬಿಳಿ ಟೊಪ್ಪಿಗೆ, ಹಿಂದಿನ ಕುಸ್ತಿಗಳಲ್ಲಿ ಜಜ್ಜಿ ಮುರುಟಿದ ಎರಡೂ ಕಿವಿಗಳು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ತಾಲೀಮಿನ ಕಟ್ಟೆಗೆ ಬಂದು ಕುಳಿತರೆ ಊರಿನ ಅರ್ಧ ಪಂಚಾಯಿತಿ ಅಲ್ಲೇ ಆಗುತ್ತಿತ್ತು. ಬಂದ ಕೆಲವು ತಿಂಗಳಿಗೆ ನಾನು ಅವರಿಗೊಂದು ಮಾತು ಹೇಳಿ ಕಳಿಸಿದೆ. ಮಣ್ಣಿನಲ್ಲಿ ಉರುಳಾಡಿ ಮೈ ತರಚಿಕೊಳ್ಳುವ ಹುಡುಗರು, ಅವರಿಗೆಲ್ಲ ಧನುರ್ವಾಯುವಿನ ಲಸಿಕೆ ಹಾಕಿಸಬೇಕು ಎಂದು. ಅವರು ತಾವೇ ಬಂದರು. ಉಪಕೇಂದ್ರದ ಹೊಸ್ತಿಲು ದಾಟದೆ ಬೀದಿಯಲ್ಲೇ ನಿಂತು, ನೆಲ ನೋಡುತ್ತ ನನ್ನ ಮಾತು ಪೂರ್ತಿ ಕೇಳಿಸಿಕೊಂಡರು. ಮರುದಿನ ಬೆಳಿಗ್ಗೆ ಇಡೀ ತಾಲೀಮು ನನ್ನ ಬಾಗಿಲಲ್ಲಿ ಸಾಲಾಗಿ ನಿಂತಿತ್ತು. ಆ ಸಾಲಿನ ಮೊದಲಿಗರು ಅವರೇ. ಅಂಗಿಯ ತೋಳು ಮಡಚಿ ನಿಂತ ಅವರ ತೋಳಿನಲ್ಲಿ ಸೂಜಿ ಇಳಿಯುವ ಜಾಗ ಹುಡುಕುವುದೇ ನನಗೆ ಕಷ್ಟವಾಯಿತು. ಅವರ ಹಿಂದಿದ್ದ, ಗೂಳಿಯಂಥ ಪೈಲವಾನನೊಬ್ಬ ಸಿರಿಂಜು ನೋಡಿಯೇ ಕಣ್ಣು ತೇಲಿಸಿ ಕುಸಿದ. ಯಾರೂ ನಗಲಿಲ್ಲ. ವಸ್ತಾದರು ನಗಲು ಬಿಡಲಿಲ್ಲ.

ಆಮೇಲೆ ನಾನು ತಾಲೀಮನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಕುಸ್ತಿ ಎನ್ನುವುದು ಅಲ್ಲಿಯ ಅರ್ಧ ಕೆಲಸ ಮಾತ್ರ. ತಾಲೀಮಿನ ಹುಡುಗರೇ ಊರಿನ ತರುಣ ಮಂಡಳ. ಕಬ್ಬಿನ ಗದ್ದೆಗೆ ಬೆಂಕಿ ಬಿದ್ದರೆ ಮೊದಲು ಓಡುವವರು ಅವರು. ಬಸ್ಸಿಲ್ಲದ ಹೊತ್ತಿನಲ್ಲಿ ರೋಗಿಯನ್ನು ಹೊರಸಿನ ಮೇಲೆ ಮಲಗಿಸಿ ರಸ್ತೆಯವರೆಗೆ ಹೊರುವವರೂ ಅವರೇ. ಯಾರಾದರೂ ದಿಕ್ಕಿಲ್ಲದೆ ಸತ್ತರೆ ಹೆಗಲು ಕೊಡುವವರೂ ಅವರೇ. ಹಾಲು, ತುಪ್ಪ, ಬಾದಾಮಿ ಊರಿನ ಮನೆಗಳಿಂದ ಬರುತ್ತಿತ್ತು, ಊರಿನ ಅನ್ನದಿಂದ ಬಂದ ಕಸುವು ಊರಿಗೇ ಸಲ್ಲಬೇಕು ಎಂಬುದು ವಸ್ತಾದರ ಕಟ್ಟಳೆ. ಅದನ್ನು ಎಲ್ಲಿಯೂ ಬರೆದು ಹಾಕಿರಲಿಲ್ಲ. ಕರೆದಾಗ ಬಾರದವನಿಗೆ ಮರುದಿನ ಮಣ್ಣಿಗಿಳಿಯಲು ಅಪ್ಪಣೆ ಸಿಗುತ್ತಿರಲಿಲ್ಲ, ಅಷ್ಟೇ.

ನನ್ನ ಮೂರನೆಯ ಮಳೆಗಾಲದಲ್ಲಿ ಹೊಳೆ ಬಂತು.

ನಮ್ಮಲ್ಲಿ ದೊಡ್ಡ ಮಳೆಯೇ ಆಗಿರಲಿಲ್ಲ. ಮಳೆ ಸುರಿದದ್ದು ಮೇಲೆ, ಕೊಲ್ಲಾಪುರದ ಕಡೆಯ ಘಟ್ಟಗಳಲ್ಲಿ. ನೀರಿನ ಬಣ್ಣ ಮೊದಲು ಕೆಂಪಾಯಿತು, ಆಮೇಲೆ ಕಾಫಿಯ ಹಾಗೆ ಗಟ್ಟಿಯಾಯಿತು. ದಂಡೆಯ ಜಾಲಿಗಿಡಗಳು ಸೊಂಟದವರೆಗೆ ಮುಳುಗಿದವು. ತಾಲೀಮಿನವರು ಗಾಣದ ಮನೆಗಳಿಂದ ಬೆಲ್ಲ ಕಾಯಿಸುವ ಕಬ್ಬಿಣದ ದೊಡ್ಡ ಕೊಪ್ಪರಿಗೆಗಳನ್ನು ಉರುಳಿಸಿಕೊಂಡು ಬಂದು ಕಟ್ಟೆಯ ಮೇಲೆ ಬೋರಲು ಹಾಕಿದರು. ಆ ಕಡೆಯ ಹೊಳೆಸಾಲಿನ ಊರುಗಳಲ್ಲಿ ದೋಣಿ ಕಡಿಮೆ, ಕೊಪ್ಪರಿಗೆಯೇ ದೋಣಿ. ಹತ್ತು ಜನ ಕೂರುವಷ್ಟು ಅಗಲ, ತಳ ಚಪ್ಪಟೆ, ಅಂಚಿಗೆ ಹಿಡಿಕೆಯ ಬಳೆಗಳು. ಅದರ ಸುತ್ತ ಈಜುಗಾರರು ಒಣಗಿದ ಸೋರೆಬುರುಡೆಗಳನ್ನು ಬೆನ್ನಿಗೆ ಕಟ್ಟಿಕೊಂಡು, ಬಳೆ ಹಿಡಿದು ತಳ್ಳುತ್ತಾ ಸಾಗುತ್ತಾರೆ. ಅದನ್ನೆಲ್ಲ ಕೇಳಿದ್ದೆ, ನೋಡಿರಲಿಲ್ಲ.

ಊರು ದಿಬ್ಬದ ಮೇಲಿತ್ತು. ತೋಟದ ವಸ್ತಿಗಳು ತಗ್ಗಿನಲ್ಲಿದ್ದವು. ಹೊಲದಲ್ಲೇ ಮನೆ ಕಟ್ಟಿಕೊಂಡ ಕುಟುಂಬಗಳನ್ನು ಹುಡುಗರು ಮೊದಲ ದಿನವೇ ಕರೆತಂದು ಶಾಲೆಯಲ್ಲಿ ಇಳಿಸಿದ್ದರು. ಒಂದು ಮನೆಯವರು ಮಾತ್ರ ದನಗಳನ್ನು ಬಿಟ್ಟು ಬರಲಾರೆವೆಂದು ಉಳಿದಿದ್ದರು. ಆ ಮನೆಯ ಸೊಸೆ ತುಂಬಿದ ಬಸುರಿ. ಗಡಿಯ ಆಚೆಯಿಂದ ಮದುವೆಯಾಗಿ ಬಂದ ಹುಡುಗಿ, ಮರಾಠಿ ಬಿಟ್ಟರೆ ಬೇರೆ ಮಾತು ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಚೊಚ್ಚಲು. ಮೈಯಲ್ಲಿ ರಕ್ತ ಕಡಿಮೆ. ಹೆರಿಗೆ ಚಿಕ್ಕೋಡಿಯ ಆಸ್ಪತ್ರೆಯಲ್ಲೇ ಆಗಬೇಕೆಂದು ನಾನು ಅವಳ ಅತ್ತೆಗೆ ಹೇಳಿಟ್ಟಿದ್ದೆ. ಅವಳ ಗಂಡ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಕೆಲಸಕ್ಕಿದ್ದ, ನೀರು ಬಂದು ಆಚೆಯೇ ಸಿಕ್ಕಿಕೊಂಡಿದ್ದ.

ಎರಡನೆಯ ದಿನ ಬೆಳಗಿನಲ್ಲಿ ಆ ವಸ್ತಿಯ ಮಾಳಿಗೆಯ ಮೇಲೆ ಯಾರೋ ಕೆಂಪು ಸೀರೆ ಬೀಸುತ್ತಿರುವುದು ಕಂಡಿತು. ವಸ್ತಾದರು ನನ್ನ ಬಾಗಿಲಿಗೆ ಬಂದರು. ಈ ಸಲ ನೆಲ ನೋಡಲಿಲ್ಲ.

"ನರ್ಸಬಾಯಾರ, ಆ ಹುಡುಗಿಗಿ ಬ್ಯಾನಿ ಸುರು ಆದಂಗ ಕಾಣತೈತಿ. ನಮ್ಮ ಹುಡುಗೂರು ಹೊಂಟಾರ. ಹೆಣ್ಣಮಕ್ಕಳ ಕೆಲಸ ಅವರಿಗೇನು ತಿಳೀತದ. ನೀವು ಬರ್ತೀರೇನು?"

ನನಗೆ ಈಜು ಬರುವುದಿಲ್ಲ ಎಂದೆ. ಬಾವಿಯ ನೀರಿಗೂ ಇಳಿದವಳಲ್ಲ ಎಂದೆ. ಅವರು ಕಾಯುತ್ತಾ ನಿಂತರು. ನಾನು ಹೆರಿಗೆಯ ಚೀಲ ತೆಗೆದುಕೊಂಡು ಚಪ್ಪಲಿ ಬಿಟ್ಟು ಹೊರಟೆ. ಎದುರುಮನೆಯ ಅಜ್ಜಿಯೂ ಸೆರಗು ಬಿಗಿದುಕೊಂಡು ಬಂದು, ಯಾರನ್ನೂ ಕೇಳದೆ ಕೊಪ್ಪರಿಗೆಯೊಳಗೆ ಕುಳಿತಳು.

ಆ ಪ್ರಯಾಣವನ್ನು ನಾನು ಇವತ್ತಿಗೂ ಬೆರಗಿನಿಂದಲೇ ನೆನೆಯುತ್ತೇನೆ. ಊರಿನ ಅಂಚಿನ ಮನೆಗಳನ್ನು ದಾಟಿದ ಮೇಲೆ ನೆಲವೆಂಬುದೇ ಇರಲಿಲ್ಲ. ನಾವು ಕಬ್ಬಿನ ಗದ್ದೆಗಳ ಮೇಲೆ ತೇಲುತ್ತಿದ್ದೆವು. ಕಬ್ಬಿನ ತುದಿಗಳು ಕೊಪ್ಪರಿಗೆಯ ತಳವನ್ನು ಸವರುತ್ತಾ ಸರಸರ ಸದ್ದು ಮಾಡುತ್ತಿದ್ದವು. ಒಂದು ಬೇವಿನ ಮರದ ಕೊಂಬೆಗಳ ತುಂಬ ಹಾವುಗಳು ಸುತ್ತಿಕೊಂಡಿದ್ದವು, ಅವುಗಳ ನಡುವೆಯೇ ಇಲಿಗಳೂ ಕುಳಿತಿದ್ದವು, ಯಾವುದೂ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಸುತ್ತ ನೀರಿನಲ್ಲಿ ಪೈಲವಾನರ ತಲೆಗಳು ಮಾತ್ರ. ಸೆಳೆತ ಜೋರಾದ ಕಡೆ ಅವರು ಒಬ್ಬರಿಗೊಬ್ಬರು ಒಂದೇ ಶಬ್ದ ಕೂಗಿ, ಎಲ್ಲರೂ ಒಂದೇ ಬದಿಗೆ ಬಂದು ಮೈಯೊಡ್ಡುತ್ತಿದ್ದರು. ನೀರು ಅವರ ಬೆನ್ನಿಗೆ ಅಪ್ಪಳಿಸಿ ಎರಡಾಗಿ ಸೀಳುವುದು ನನಗೆ ಕಾಣುತ್ತಿತ್ತು. ನನ್ನ ಭಯ ಎಲ್ಲಿ ಹೋಯಿತೋ ಗೊತ್ತಿಲ್ಲ. ಅಷ್ಟು ದೊಡ್ಡದರ ಎದುರು ಭಯಕ್ಕೂ ಜಾಗ ಇರುವುದಿಲ್ಲವೇನೋ.

ವಸ್ತಿಯ ಮಾಳಿಗೆಯ ಮೇಲೆ ಹುಡುಗಿ ಒದ್ದೆ ಕಂಬಳಿಯಲ್ಲಿ ಮುದುಡಿಕೊಂಡಿದ್ದಳು. ಪರೀಕ್ಷಿಸಿದೆ. ನೆತ್ತಿಯ ನೀರು ಒಡೆದು ಹೋಗಿತ್ತು, ಬೇನೆ ಬಲವಾಗುತ್ತಿತ್ತು. ಅವಳನ್ನೂ ಅತ್ತೆಯನ್ನೂ ಕೊಪ್ಪರಿಗೆಗೆ ಇಳಿಸಿಕೊಂಡೆವು. ಮಾವ ದನಗಳ ಹಗ್ಗ ಬಿಚ್ಚಿ, ಅವುಗಳ ಜೊತೆಗೇ ಎತ್ತರದ ದಿಬ್ಬಕ್ಕೆ ಹೋಗುವುದಾಗಿ ಹೇಳಿ, ಇಬ್ಬರು ಹುಡುಗರೊಡನೆ ಹಿಂದುಳಿದ. ಮರಳಿ ಬರುವಾಗ ಹುಡುಗಿ ನನ್ನ ಮುಂಗೈಯನ್ನು ಉಗುರು ಇಳಿಯುವಂತೆ ಹಿಡಿದುಕೊಂಡು, "ಬಾಯಿ, ಹಾತ್ ಸೋಡೂ ನಕಾ" ಎಂದು ಒಂದೇ ಮಾತು ಹೇಳುತ್ತಿದ್ದಳು. ಕೈ ಬಿಡುವುದಿಲ್ಲ ಎಂದು ನಾನು ಕನ್ನಡದಲ್ಲೇ ಹೇಳಿದೆ. ಅವಳಿಗೆ ಅರ್ಥವಾಯಿತು.

ಊರು ಮುಟ್ಟಿದಾಗ ಹೊಸ ತೊಂದರೆ ಕಾದಿತ್ತು. ನಾವು ಹೋಗಿ ಬರುವಷ್ಟರಲ್ಲಿ ನೀರು ಇನ್ನೂ ಏರಿ ಉಪಕೇಂದ್ರದೊಳಗೆ ನುಗ್ಗಿತ್ತು. ನನ್ನ ಮೇಜು, ಟ್ರಂಕು ಎಲ್ಲ ಮೊಣಕಾಲು ನೀರಿನಲ್ಲಿ. ಶಾಲೆಯಲ್ಲಿ ಹತ್ತಾರು ಕುಟುಂಬಗಳು, ಮಕ್ಕಳು, ಆಡುಗಳು, ಕಾಲಿಡಲು ಜಾಗವಿಲ್ಲ. ಹತ್ತಿರದಲ್ಲಿ ಒಣಗಿದ ನೆಲವಿದ್ದದ್ದು ಒಂದೇ ಕಡೆ, ಆ ಆಳೆತ್ತರದ ಕಟ್ಟೆಯ ಮೇಲೆ. ನಾನು ತಾಲೀಮಿನ ಕಡೆ ನೋಡಿದೆ, ಆಮೇಲೆ ವಸ್ತಾದರ ಕಡೆ ನೋಡಿದೆ.

ಕಟ್ಟೆಯ ಮೇಲೆ ನಿಂತಿದ್ದ ಇಬ್ಬರು ಹಿರಿಯರಿಗೆ ನನ್ನ ನೋಟ ಅರ್ಥವಾಯಿತು. ಅವರು ಕೆಟ್ಟವರಲ್ಲ. ಹನುಮಂತ ದೇವರ ಪಟ ಇರುವ ಜಾಗ, ಹೆಣ್ಣಿನ ನೆರಳು ಬೀಳದ ಮಣ್ಣು, ಅದರಲ್ಲಿ ಹೆರಿಗೆ ಎಂದರೆ ಹೇಗೆ ಎಂದು ಒಬ್ಬರು ತಗ್ಗಿದ ದನಿಯಲ್ಲೇ ಕೇಳಿದರು. ಚಾವಡಿಯ ಪಡಸಾಲೆಯನ್ನು ತೆರವು ಮಾಡಿಸೋಣ, ಸ್ವಲ್ಪ ಹೊತ್ತು ತಡೆಯಿರಿ ಎಂದು ಇನ್ನೊಬ್ಬರು ಹೇಳಿದರು. ಹುಡುಗಿಗೆ ಆಗ ಇನ್ನೊಂದು ಬೇನೆ ಬಂತು. ಅವಳ ಕೂಗಿಗೆ ಸುತ್ತ ನಿಂತ ಪೈಲವಾನರೆಲ್ಲ ಮುಖ ತಿರುಗಿಸಿದರು.

ವಸ್ತಾದರು ಒಳಗೆ ಹೋದರು. ಪಟದ ಮುಂದೆ ಕೈ ಮುಗಿದು ನಿಂತದ್ದು ಹೊರಗಿನಿಂದ ಕಾಣುತ್ತಿತ್ತು. ಎಷ್ಟು ಹೊತ್ತು ನಿಂತರೋ, ನನಗಂತೂ ಬಹಳ ಹೊತ್ತು ಎನಿಸಿತು. ಆಮೇಲೆ ಅವರು ಮುಚ್ಚಿದ್ದ ಇನ್ನೊಂದು ಕದದ ಅಗಳಿ ಸರಿಸಿ, ಎರಡೂ ಕದಗಳನ್ನು ಗೋಡೆಗೆ ತಾಗುವಂತೆ ತೆರೆದರು.

"ಈ ಮಣ್ಣಿನ್ಯಾಗ ಉಳ್ಳಾಡಿದಾವರನ್ನೆಲ್ಲಾ ಒಬ್ಬೊಬ್ಬ ತಾಯಿನ ಹಡದಾಳ," ಎಂದರು ಆ ಹಿರಿಯರಿಗೆ. ಆಮೇಲೆ ನನ್ನ ಕಡೆ ತಿರುಗಿ, "ಒಳಗ ಕರ್ಕೊಂಡ ಬರ್ರಿ ಬಾಯಾರ," ಎಂದರು.

ಆ ಹಿರಿಯರಲ್ಲಿ ಒಬ್ಬರು ತಮ್ಮ ಹೆಗಲ ಮೇಲಿನ ದಪ್ಪ ಕಂಬಳಿಯನ್ನು ತೆಗೆದು ಅಜ್ಜಿಯ ಕೈಗೆ ಕೊಟ್ಟರು.

ಒಳಗೆ ಎಣ್ಣೆ, ಮಜ್ಜಿಗೆ, ಅರಿಸಿನ ಕಲಸಿ ಹದಮಾಡಿದ ಮಣ್ಣಿನ ತಂಪು ವಾಸನೆ. ಕುಸ್ತಿಯ ಕಣದ ಬದಿಯಲ್ಲಿ ಹಲಗೆ ಹಾಸಿ, ಕಂಬಳಿ ಹಾಸಿ, ಮೇಲೆ ನನ್ನ ಚೀಲದಲ್ಲಿದ್ದ ರಬ್ಬರ್ ಹಾಳೆ ಹಾಸಿದೆವು. ಕದ ಮುಚ್ಚಿದರೆ ಕತ್ತಲು, ತೆರೆದರೆ ಬೀದಿ. ಅಜ್ಜಿ ಹೊರಗೆ ಹೋಗಿ ಏನೋ ಹೇಳಿದಳು. ಮರುಕ್ಷಣ ಬಾಗಿಲಿನ ಮುಂದೆ ಪೈಲವಾನರು ಹೆಗಲಿಗೆ ಹೆಗಲು ಹಚ್ಚಿ, ನಮಗೆ ಬೆನ್ನು ಮಾಡಿ ನಿಂತುಬಿಟ್ಟರು. ಅವರ ಹೆಗಲುಗಳ ಮೇಲಿನಿಂದ ಬೆಳಕು ಬರುತ್ತಿತ್ತು. ಕಣ್ಣು ಒಂದೂ ಒಳಗೆ ಬರಲಿಲ್ಲ. ಅಷ್ಟರಲ್ಲಿ ಮಳೆ ಸುರುವಾಯಿತು. ಬೆನ್ನುಗಳ ಮೇಲೆ ನೀರು ಹರಿಯುತ್ತಿತ್ತು, ಅವರು ಅಲುಗಲಿಲ್ಲ.

ಮಗು ಹೊರಗೆ ಬಂದಾಗ ಅಳಲಿಲ್ಲ. ಮೈ ನೀಲಿಗಟ್ಟಿತ್ತು. ಹೆಣ್ಣು. ಬಾಯಿ ಮೂಗು ಒರೆಸಿ ತೆರವು ಮಾಡಿದೆ, ಬೆನ್ನು ಉಜ್ಜಿದೆ, ಪಾದ ತಟ್ಟಿದೆ, ಆ ಪುಟ್ಟ ಬಾಯಿಗೆ ನನ್ನ ಬಾಯಿ ಇಟ್ಟು ಹಗುರಾಗಿ ಉಸಿರು ಊದಿದೆ. ಕಲಿಸಿಕೊಟ್ಟಿದ್ದೆಲ್ಲವನ್ನೂ ಮಾಡುತ್ತಾ ಹೋದೆ. ಹುಡುಗಿ ತಲೆಯೆತ್ತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ಎದೆ ಒಮ್ಮೆ ಕುಣಿಯಿತು, ಬೆಕ್ಕಿನಮರಿಯಂಥ ಒಂದು ದನಿ ಬಂತು, ಆಮೇಲೆ ನಿಜವಾದ ಅಳು. ಬಾಗಿಲಿನ ಆ ಬೆನ್ನುಗಳ ಸಾಲು ಒಮ್ಮೆ ನಡುಗಿದ ಹಾಗೆ ಕಂಡಿತು. ಯಾರೂ ಹಿಂತಿರುಗಿ ನೋಡಲಿಲ್ಲ. ಒಬ್ಬ ಮಾತ್ರ ಮೊಣಕೈಯಿಂದ ಕಣ್ಣು ಒರೆಸಿಕೊಂಡ.

ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ತಾಯಿಗೆ ರಕ್ತ ಹರಿಯತೊಡಗಿತು. ಮಾಸು ಪೂರ್ತಿ ಬಿದ್ದಿತ್ತು, ಆದರೂ ನಿಲ್ಲಲಿಲ್ಲ. ಚೀಲದಲ್ಲಿದ್ದ ಇಂಜೆಕ್ಷನ್ ಕೊಟ್ಟೆ, ಹೊಟ್ಟೆಯನ್ನು ಮೇಲಿನಿಂದ ಒತ್ತಿ ಹಿಡಿದೆ. ಕಡಿಮೆಯಾಯಿತು. ಆದರೆ ಕೈ ತೆಗೆದರೆ ಮತ್ತೆ ಹರಿಯುತ್ತಿತ್ತು. ಮೊದಲೇ ರಕ್ತವಿಲ್ಲದ ಮೈ. ಹೇಗಾದರೂ ಚಿಕ್ಕೋಡಿ ಸೇರಿಸಬೇಕು, ಇಲ್ಲದಿದ್ದರೆ ಉಳಿಯುವುದಿಲ್ಲ ಎಂದು ಬಾಗಿಲ ಕಡೆ ನೋಡಿ ಹೇಳಿದೆ. ಏಕಸಂಬಿಯ ಹಾದಿಯಲ್ಲಿ ಹಳ್ಳ ಉಕ್ಕಿ ಬಂದಿದೆ, ಬಸ್ಸು ಟ್ರ್ಯಾಕ್ಟರು ಏನೂ ಇಲ್ಲ ಎಂದು ನನಗೂ ಗೊತ್ತಿತ್ತು.

ವಸ್ತಾದರು ಹೊರಗಿನಿಂದಲೇ ಒಬ್ಬ ಹುಡುಗನ ಹೆಸರು ಹಿಡಿದು ಕರೆದರು. ಅವರಲ್ಲೆಲ್ಲ ಬಿರುಸಿನ ಈಜುಗಾರ ಅವನು. ಹಳ್ಳ ದಾಟಿ ಮುಂದಿನ ಊರುಗಳಿಗೆ ಸುದ್ದಿ ಮುಟ್ಟಿಸುತ್ತಾ ಏಕಸಂಬಿಯವರೆಗೂ ಓಡು ಎಂದರು. ಇನ್ನುಳಿದವರು ಹೊರಸು ತಂದರು. ಹುಡುಗಿಯ ಅತ್ತೆಗೆ ಹಳ್ಳ ದಾಟುವುದು ಆಗದ ಮಾತು, ಅವಳು ಶಾಲೆಯಲ್ಲೇ ಉಳಿದಳು.

ಹಳ್ಳದ ದಂಡೆಗೆ ಬಂದಾಗ ನಾನು ಹೊಟ್ಟೆಯ ಮೇಲಿನ ಕೈ ತೆಗೆಯುವಂತಿರಲಿಲ್ಲ. ಅದನ್ನು ನೋಡಿದ ಒಬ್ಬ ಪೈಲವಾನ ನನ್ನನ್ನೂ ಹೊರಸಿನ ಮೇಲೆ ಕೂರಲು ಹೇಳಿದ. ನಾನು ಹುಡುಗಿಯ ಪಕ್ಕ ಮಂಡಿಯೂರಿ ಕುಳಿತೆ. ಮಗುವನ್ನು ಅವಳ ಎದೆಗೆ ಸೀರೆಯಿಂದ ಕಟ್ಟಿದ್ದೆವು. ಅವರು ಹೊರಸನ್ನು ಹೆಗಲಿಗೇರಿಸಿ ನೀರಿಗಿಳಿದರು. ನೀರು ಎದೆಗೆ ಬಂದಾಗ ಹೊರಸು ಹೆಗಲಿನಿಂದ ತಲೆಯ ಮೇಲಕ್ಕೆ ಹೋಯಿತು. ಗದ್ದಕ್ಕೆ ಬಂದಾಗ ಅದು ಚಾಚಿದ ಕೈಗಳ ಮೇಲಿತ್ತು. ಒಂದು ಕ್ಷಣ ನಾನು ಕೆಳಗೆ ನೋಡಿದೆ. ಒಬ್ಬನ ಮುಖ ನೀರಿನೊಳಗೆ ಪೂರ್ತಿ ಮುಳುಗಿತ್ತು, ಕೈಗಳೆರಡು ಮಾತ್ರ ಮೇಲೆ ನೆಟ್ಟಗೆ ನಿಂತಿದ್ದವು. ಅವನು ಉಸಿರು ಬಿಗಿಹಿಡಿದು ಹಳ್ಳದ ತಳದಲ್ಲಿ ನಡೆಯುತ್ತಿದ್ದ. ಹೊರಸು ಎಲ್ಲಿಯೂ ವಾಲಲಿಲ್ಲ.

ಆಚೆ ದಂಡೆಯಲ್ಲಿ ಜನ ನಿಂತಿದ್ದರು. ಮುಂದಿನ ಊರಿನ ಭಜನಾ ಮಂಡಳಿಯವರು. ಹೊಳೆ ಇಳಿಯಲೆಂದು ಗುಡಿಯಲ್ಲಿ ಕುಳಿತು ಭಜನೆ ಮಾಡುತ್ತಿದ್ದವರು ಹಾಗೆಯೇ ಎದ್ದು ಬಂದಿದ್ದರು. ಒಬ್ಬನ ಕೊರಳಲ್ಲಿ ತಾಳಗಳು ಇನ್ನೂ ನೇತಾಡುತ್ತಿದ್ದವು. ಹೊರಸನ್ನು ನೆಲಕ್ಕಿಳಿಸದೆಯೇ ಅವರು ಅದರ ಕೆಳಗೆ ನುಗ್ಗಿ ಹೆಗಲು ಕೊಟ್ಟರು. ನೀರಿನಿಂದೆದ್ದ ನಮ್ಮ ಪೈಲವಾನರು ಕೆಸರಿನಲ್ಲಿ ಕುಸಿದು ಕುಳಿತರು. ನಾನು ಹೊರಸಿನಿಂದಿಳಿದು, ಅವಳ ಹೊಟ್ಟೆಯ ಮೇಲೆ ಕೈ ಒತ್ತಿಕೊಂಡೇ ಪಕ್ಕದಲ್ಲಿ ನಡೆದೆ. ನನ್ನ ತೋಳು ಜೋಮು ಹಿಡಿದಾಗ ಅಜ್ಜಿ ತನ್ನ ಕೈ ಇಡುತ್ತಿದ್ದಳು. ಅವಳು ಯಾವಾಗ, ಹೇಗೆ ಹಳ್ಳ ದಾಟಿ ಬಂದಳೆಂದು ಆಗ ಕೇಳಲೂ ತೋಚಲಿಲ್ಲ.

ಆ ಊರಿನ ಕೊನೆಯಲ್ಲಿ ಇನ್ನೊಂದು ಗುಂಪು. ಉರುಸು ನಡೆಸುವ ದರ್ಗಾ ಕಮಿಟಿಯ ಹುಡುಗರು, ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡವರು. ಅವರು ಹೊತ್ತರು. ಅದರ ಮುಂದೆ ಕಬ್ಬಿನ ಗದ್ದೆಗಳ ನಡುವಿನ ಕೂಡುಹಾದಿಯಲ್ಲಿ ಒಂದು ತರುಣ ಮಂಡಳ ಕಾದಿತ್ತು, ಕೆಸರಿನ ಹಾದಿಗೆ ಕಬ್ಬಿನ ಒಣಗರಿಯ ರವದಿಯನ್ನು ಹಾಸುತ್ತಾ ಒಂದಷ್ಟು ಜನ ಮುಂದೆ ಮುಂದೆ ಹೋಗುತ್ತಿದ್ದರು. ಒಂದು ಊರಿನ ಮಹಿಳಾ ಮಂಡಳದವರು ಬೀದಿಯಲ್ಲಿ ಬಿಸಿ ಹಾಲು ಹಿಡಿದು ನಿಂತಿದ್ದರು, ಚಮಚದಲ್ಲಿ ಹುಡುಗಿಯ ತುಟಿಗೆ ಹನಿಸಿದರು, ಒದ್ದೆ ಕಂಬಳಿ ತೆಗೆದು ಒಣ ಕೌದಿ ಹೊದಿಸಿದರು. ಯಾರ ಮನೆಯವಳು, ಯಾವ ಜಾತಿಯವಳು ಎಂದು ದಾರಿಯುದ್ದಕ್ಕೂ ಒಬ್ಬರೂ ಕೇಳಲಿಲ್ಲ. ಎಲ್ಲರೂ ಕೇಳಿದ್ದು ಒಂದೇ ಮಾತು.

"ಜೀವ ಐತೆಲ್ರಿ?"

ಐತ್ರಿ ಎನ್ನುತ್ತಿದ್ದೆ. ಅವರ ಹೆಜ್ಜೆ ಬಿರುಸಾಗುತ್ತಿತ್ತು.

ನನಗೆ ಅಲ್ಲಿಯತನಕ ಈ ಮಂಡಳಗಳೆಂದರೆ ಗೋಡೆಯ ಮೇಲೆ ಬರೆದ ಹೆಸರುಗಳು. ಗಣಪತಿ ಕೂಡಿಸುವವರು, ಏಕತಾರಿ ನುಡಿಸುವವರು, ಉರುಸಿಗೆ ಚಂದಾ ಪಟ್ಟಿ ಎತ್ತುವವರು. ಅವುಗಳಿಗೆಲ್ಲ ಕೈಗಳಿವೆ, ಆ ಕೈಗಳು ಒಂದಕ್ಕೊಂದು ಇಷ್ಟು ಹತ್ತಿರದಲ್ಲಿವೆ, ಒಂದು ಚಾಚಿದರೆ ಇನ್ನೊಂದಕ್ಕೆ ತಾಗುತ್ತದೆ ಎಂಬುದನ್ನು ನಾನು ಆ ಹಾದಿಯಲ್ಲಿ ಕಂಡೆ. ಮೇಲೆ ಆಕಾಶ ಕಪ್ಪಾಗಿತ್ತು, ಹಿಂದೆ ಹೊಳೆ ಮೊರೆಯುತ್ತಿತ್ತು, ಮುಂದೆ ಗೊತ್ತಿಲ್ಲದ ಊರುಗಳ ಗೊತ್ತಿಲ್ಲದ ಗಂಡಸರು ಹೆಗಲು ಬದಲಿಸುತ್ತಾ ಓಡುತ್ತಿದ್ದರು. ನನ್ನ ಕೈಯ ಕೆಳಗೆ ಒಂದು ಜೀವ ಮಿಡಿಯುತ್ತಿತ್ತು. ಅಷ್ಟು ದೊಡ್ಡದನ್ನು ನಾನು ಗುಡಿಯಲ್ಲೂ ಕಂಡಿರಲಿಲ್ಲ.

ಏಕಸಂಬಿಯಲ್ಲಿ ಹಾಲಿನ ಸೊಸೈಟಿಯ ಗಾಡಿ ತಯಾರಾಗಿ ನಿಂತಿತ್ತು. ಅದರ ಕ್ಯಾನುಗಳನ್ನೆಲ್ಲ ರಸ್ತೆಬದಿಗೆ ಇಳಿಸಿದ್ದರು. ನಮ್ಮ ಈಜುಗಾರ ಹುಡುಗ ಡ್ರೈವರಿನ ಪಕ್ಕ ಕುಳಿತಿದ್ದ, ಕಾಲಿನ ತುಂಬ ಮುಳ್ಳು ತರಚಿದ ಗಾಯ. ಸಂಜೆಯ ದೀಪ ಹಚ್ಚುವ ಹೊತ್ತಿಗೆ ಚಿಕ್ಕೋಡಿ ಸೇರಿದೆವು. ಸಲೈನು ಹಚ್ಚಿದರು, ಔಷಧ ಕೊಟ್ಟರು, ರಕ್ತ ನಿಂತಿತು. ಇಷ್ಟು ನೀರಿನಲ್ಲಿ ಹೇಗೆ ತಂದಿರಿ ಎಂದು ಡಾಕ್ಟರು ಕೇಳಿದರು. ಹೇಳಲು ಹೋದೆ. ಅಜ್ಜಿಯೇ ನನ್ನ ಪರವಾಗಿ, "ಮಂದಿ ಇದ್ದರ್ರಿ," ಎಂದಳು.

ಮರುದಿನ ಹುಡುಗಿಯ ಗಂಡ ನಿಪ್ಪಾಣಿಯಿಂದ ಬಂದ. ಮಗುವನ್ನು ನೋಡಿದ, ಹೆಂಡತಿಯನ್ನು ನೋಡಿದ, ಹೊರಗೆ ಹೋಗಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಮೊಣಕಾಲ ನಡುವೆ ತಲೆಯಿಟ್ಟು ಬಹಳ ಹೊತ್ತು ಕುಳಿತ.

ನೀರಿಳಿದು ನಾವು ಊರಿಗೆ ಮರಳಿದಾಗ ತಾಲೀಮಿನ ಕಣದ ತುಂಬ ಹೊಳೆಯ ರಾಡಿ ಕುಳಿತಿತ್ತು. ನಾವು ಹೋದ ಮೇಲೆ ನೀರು ಆ ಕಟ್ಟೆಯನ್ನೂ ಏರಿತ್ತಂತೆ. ಹಳೆಯ ಮಣ್ಣನ್ನೆಲ್ಲ ತೆಗೆದು ಹೊಸದು ತುಂಬಬೇಕಾಯಿತು. ಹುಡುಗರು ದಿಬ್ಬದಿಂದ ಕೆಂಪು ಮಣ್ಣು ತರಲು ಹೊರಟ ಬೆಳಿಗ್ಗೆ, ಎದುರುಮನೆಯ ಅಜ್ಜಿ ಒಂದು ಬುಟ್ಟಿ ತೆಗೆದುಕೊಂಡು ಅವರ ಹಿಂದೆ ನಡೆದಳು. ಅವಳ ಹಿಂದೆ ಆ ಹುಡುಗಿಯ ಅತ್ತೆ. ಆಮೇಲೆ ಓಣಿ ಓಣಿಯಿಂದ ಹೆಂಗಸರು. ಯಾರೂ ಕರೆದಿರಲಿಲ್ಲ, ಯಾರೂ ತಡೆಯಲೂ ಇಲ್ಲ. ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು ಅವರು ಹಿಂದಿನ ಓಣಿ ಸುತ್ತದೆ ನೇರ ಹಾದಿಯಲ್ಲಿ ಬಂದು, ಕಟ್ಟೆ ಹತ್ತಿ, ಕಣಕ್ಕೆ ಮಣ್ಣು ಸುರಿದು ಹೋದರು. ಮನೆಗೊಂದು ತಂಬಿಗೆ ಮಜ್ಜಿಗೆ, ಹಿಡಿ ಅರಿಸಿನ ಬಂತು. ವಸ್ತಾದರು ಬಾಗಿಲ ಪಕ್ಕದಲ್ಲಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು.

ಎಲ್ಲವೂ ಬದಲಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ಮನೆಯವರು ಆಮೇಲೂ ಗೊಣಗಿದರು, ಇಬ್ಬರು ತಮ್ಮ ಮಕ್ಕಳನ್ನು ಬೇರೆ ಊರಿನ ತಾಲೀಮಿಗೆ ಹಚ್ಚಿದರು. ಆದರೆ ಪ್ರತಿ ವಾರ ಮಕ್ಕಳಿಗೆ ಲಸಿಕೆ ಹಾಕಲು ನನಗೆ ತಾಲೀಮಿನ ಕಟ್ಟೆಯೇ ಸಿಕ್ಕಿತು. ಉಪಕೇಂದ್ರದ ಗೋಡೆ ಒಣಗುವವರೆಗೆ ಎಂದು ಸುರುವಾದದ್ದು, ಒಣಗಿದ ಮೇಲೂ ನಡೆಯಿತು.

ಅದಕ್ಕಿಂತ ದೊಡ್ಡದನ್ನು ಮಾಡಿದವಳು ಆ ಹುಡುಗಿ. ಬಾಣಂತನ ಮುಗಿದ ಮೇಲಿನ ಬೇಸಿಗೆಯಲ್ಲಿ ಅವಳು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನನ್ನ ಹತ್ತಿರ ಬಂದಳು. ಅಷ್ಟರಲ್ಲಿ ಅವಳಿಗೆ ಕನ್ನಡ ಬರುತ್ತಿತ್ತು, ನಡುನಡುವೆ ಮರಾಠಿ.

"ಬಾಯಾರ, ನನಗ ಪೋಹಣಾ ಕಲೀಬೇಕಾಗೈತಿ. ಈಸೂದು. ಅವತ್ತ ಮಾಳಗಿ ಮ್ಯಾಲೆ ಕುಂತಾಗ ನನಗ ನೀರಿಂದು ಭಾಳ ಅಂಜಿಕಿ ಬಂತು. ಮುಂದಿನ ಸಲ ಅಂಜಬಾರದು."

ಕಲಿಸುವವರು ಯಾರು ಎಂದೆ. ಅವಳು ಎದುರುಮನೆಯ ಕಡೆ ಕೈ ತೋರಿಸಿದಳು. ಅಜ್ಜಿ ತೌರಿನಲ್ಲಿ ಕೃಷ್ಣೆಯ ದಂಡೆಯಲ್ಲಿ ಬೆಳೆದವಳಂತೆ, ಮದುವೆಯಾಗುವತನಕ ಅಣ್ಣಂದಿರ ಜೊತೆ ಹೊಳೆ ದಾಟುತ್ತಿದ್ದಳಂತೆ. ಈ ಊರಿಗೆ ಬಂದ ಮೇಲೆ ಅದನ್ನು ಯಾರಿಗೂ ಹೇಳಿರಲಿಲ್ಲ. ಹಳ್ಳವನ್ನು ಹೇಗೆ ದಾಟಿದಳೆಂಬುದು ನನಗೆ ಆಗ ತಿಳಿಯಿತು.

ವಸ್ತಾದರನ್ನು ಕೇಳಿದಾಗ ಅವರು ತಮ್ಮ ತೋಟದ ದೊಡ್ಡ ಬಾವಿಯನ್ನು ಮಧ್ಯಾಹ್ನದ ಹೊತ್ತಿಗೆ ಹೆಂಗಸರಿಗೆ ಬಿಟ್ಟುಕೊಟ್ಟರು. ಆ ಹೊತ್ತಿನಲ್ಲಿ ಯಾವ ಗಂಡಸೂ ಅತ್ತ ಸುಳಿಯಕೂಡದೆಂದು ತಾಲೀಮಿನಲ್ಲಿ ಹೇಳಿದರು. ಸೋರೆಬುರುಡೆಗಳನ್ನು ಹುಡುಗರೇ ಒಣಗಿಸಿ, ಹಗ್ಗ ಬಿಗಿದು ಕಳಿಸಿದರು. ಕಚ್ಚೆ ಹಾಕಿದ ಸೀರೆಯಲ್ಲಿ ತೋಟದ ವಸ್ತಿಗಳ ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಅಜ್ಜಿ ಬಾವಿಯ ಮೆಟ್ಟಿಲ ಮೇಲೆ ಎದೆಮಟ್ಟದ ನೀರಿನಲ್ಲಿ ನಿಂತು ಎಲ್ಲರಿಗೂ ಬೈಯುತ್ತಾ ಕಲಿಸಿದಳು. ಮಹಿಳಾ ಮಂಡಳವೆಂದು ಅದಕ್ಕೊಂದು ಹೆಸರು ಬಿದ್ದದ್ದು ಆಮೇಲೆ, ನೋಂದಣಿ ಆದದ್ದು ಇನ್ನೂ ಆಮೇಲೆ.

ತೊಂಬತ್ತರ ದಶಕದ ಮೊದಲಿಗೆ ನನಗೆ ರಾಯಬಾಗದ ಕಡೆ ವರ್ಗವಾಯಿತು. ನಾನು ಹೋದ ಮೇಲಿನ ಒಂದು ಮಳೆಗಾಲದಲ್ಲಿ ಹೊಳೆ ಮತ್ತೆ ಬಂತು. ನೀರಿಳಿದ ಮೇಲೆ ನೋಡಲು ಹೋದೆ. ಜೀವಹಾನಿ ಆಗಿರಲಿಲ್ಲ. ಮೇಲಿನ ವಸ್ತಿಗಳಿಗೆ ತಾಲೀಮಿನವರು ಒಂದು ಕೊಪ್ಪರಿಗೆ ಒಯ್ದಿದ್ದರಂತೆ, ಕೆಳಗಿನ ವಸ್ತಿಗಳಿಗೆ ಹೆಂಗಸರು ಇನ್ನೊಂದನ್ನು ಒಯ್ದಿದ್ದರಂತೆ. ಅದರ ಬಳೆ ಹಿಡಿದು ಮುಂದೆ ಈಜಿದವಳು ಯಾರೆಂದು ನಾನು ಕೇಳಬೇಕಾಗಿರಲಿಲ್ಲ. ಅವಳು ಅಂಗಳದಲ್ಲಿ ಕೌದಿಗಳನ್ನು ಬಿಸಿಲಿಗೆ ಹಾಕುತ್ತಿದ್ದಳು. ಅವಳ ಮಗಳು, ಶಾಲೆಯ ಪಾಟಿಚೀಲ ಹೆಗಲಿಗೇರಿಸಿಕೊಂಡು, ಬಸ್ಸಿಗೆ ತಡವಾಯಿತೆಂದು ತಾಯಿಯನ್ನು ಅವಸರಿಸುತ್ತಿದ್ದಳು.